ಅಮೆರಿಕದಲ್ಲಿ ಜಿಇಡಿ: ದೊಡ್ಡವರಾದ ಮೇಲೆ ಹೈಸ್ಕೂಲ್ ಸಮಾನ ಪರೀಕ್ಷೆಗೆ ಹೆಸರು ಕೊಡುವುದು ಹೇಗೆ?

ತುಂಗಾತೀರ

ನಾದಿನಿಯ ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 34, ಎಸ್‌ಎಸ್‌ಎಲ್‌ಸಿ ಪಾಸ್, ಫಸ್ಟ್ ಪಿಯುಸಿ ಅರ್ಧಕ್ಕೆ ಬಿಟ್ಟದ್ದು. ಈಗ ಟೆಕ್ಸಾಸ್‌ನಲ್ಲಿದ್ದಾಳೆ, ಗ್ರೀನ್ ಕಾರ್ಡ್ ಇದೆ. ಫಾರ್ಮಸಿ ಟೆಕ್ನೀಷಿಯನ್ ಕೋರ್ಸಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದದ್ದು ಬೇಕಂತೆ. ಎಲ್ಲರೂ ಜಿಇಡಿ ಬರಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು, ಮನೆಯಲ್ಲೇ ಕೂತು ಬರೆಯಬಹುದಾ, ಜನ ಎಲ್ಲಿ ಎಡವುತ್ತಾರೆ? ಗೊತ್ತಿರುವವರು ಬಿಡಿಸಿ ಹೇಳಿ. ಇನ್ನೊಂದು ವಿಷಯ, ಪಾಸ್‌ಪೋರ್ಟಿನಲ್ಲಿ ಅವಳಿಗೆ ಸರ್‌ನೇಮ್ ಇಲ್ಲ, ಒಂದೇ ಹೆಸರು. ಅದೂ ತೊಂದರೆ ಕೊಡುತ್ತದಾ?

ಅಡಿಕೆತೋಟ

ದುಡ್ಡು ಕಟ್ಟುವ ಮೊದಲು ಜಿಇಡಿ ಬೇಕೇ ಬೇಕಾ ಅನ್ನುವುದು ಇತ್ಯರ್ಥವಾಗಲಿ. ನಮ್ಮವರಲ್ಲಿ ಅರ್ಧ ಜನ ಇಲ್ಲೇ ತಪ್ಪು ದಾರಿ ಹಿಡಿಯುವುದು.

ಅಮೆರಿಕದ ಹೈಸ್ಕೂಲ್ ಅಂದರೆ 12ನೇ ತರಗತಿಯವರೆಗೆ. ನಮ್ಮಲ್ಲಿ ಹೈಸ್ಕೂಲ್ ಅಂದರೆ 10ನೇ ತರಗತಿಗೆ ಮುಗಿಯುತ್ತದೆ. ಹಾಗಾಗಿ ಬರೀ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೋರಿಸಿದರೆ ಅಲ್ಲಿ ಅದು ಹೈಸ್ಕೂಲ್ ಮುಗಿಸಿದ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಂಡ್ ಪಿಯುಸಿ ಪಾಸಾದವರದು ಬೇರೆ ಮಾತು. ಅವರಿಗೆ ಜಿಇಡಿ ಬೇಡ. ಅಂಕಪಟ್ಟಿಗಳನ್ನು ವಿದೇಶಿ ಪದವಿ ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಳಿಸಿದರೆ ‘ಅಮೆರಿಕದ ಹೈಸ್ಕೂಲ್ ಡಿಪ್ಲೊಮಾಗೆ ಸಮ’ ಎಂದು ವರದಿ ಬರುತ್ತದೆ. ಆ ಸಂಸ್ಥೆ ನೇಸಸ್ ಎಂಬ, ಇಂಥ ಮೌಲ್ಯಮಾಪನ ಸಂಸ್ಥೆಗಳ ಒಕ್ಕೂಟದ ಸದಸ್ಯ ಆಗಿರಲಿ. ಬಹಳ ಕಾಲೇಜುಗಳು, ಲೈಸೆನ್ಸ್ ಕೊಡುವ ಮಂಡಳಿಗಳು ಅಂಥ ವರದಿಯನ್ನೇ ಕೇಳುತ್ತವೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರೂ ಮೊದಲು ಮೌಲ್ಯಮಾಪನದ ದಾರಿಯನ್ನೇ ನೋಡಲಿ.

ಇದರ ಇನ್ನೊಂದು ಮುಖವೂ ಇದೆ. ಜಿಇಡಿ ಇರುವುದು ಹೈಸ್ಕೂಲ್ ಮುಗಿಸದವರಿಗೆ. ಪಿಯುಸಿ ಪಾಸಾಗಿಯೂ ‘ಇರಲಿ ಬಿಡು’ ಅಂತ ಬರೆಯಲು ಹೋದರೆ ಕೆಲವು ರಾಜ್ಯಗಳ ನಿಯಮದ ಪ್ರಕಾರ ಅರ್ಹತೆಯೇ ಇಲ್ಲದಿರಬಹುದು.

ನಿಮ್ಮ ನಾದಿನಿಯವರಿಗೆ ಜಿಇಡಿಯೇ ಸರಿ.

ಬೆಣ್ಣೆದೋಸೆ

ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿದ್ದರೆ?

ಅಡಿಕೆತೋಟ

ಫೇಲ್ ಅಂದರೆ ಮುಗಿಸಿಲ್ಲ ಅಂತಲೇ ಅರ್ಥ. ಜಿಇಡಿ ಬರೆಯಬಹುದು. ಅಥವಾ ಊರಿಗೆ ಹೋಗುವ ಯೋಗ ಇದ್ದರೆ ಆ ಎರಡು ವಿಷಯ ಕಟ್ಟಿ ಪಾಸ್ ಮಾಡಿಕೊಂಡು, ನಂತರ ಮೌಲ್ಯಮಾಪನ ಮಾಡಿಸಬಹುದು. ವಿಮಾನದ ಖರ್ಚು ಲೆಕ್ಕ ಹಾಕಿದರೆ ಜಿಇಡಿಯೇ ಅಗ್ಗ.

ಕೆರೆದಂಡೆ

ನೋಂದಣಿಯ ವಿಷಯ ನಾನು ಹೇಳುತ್ತೇನೆ.

ಜಿಇಡಿಗೆ ಅಧಿಕೃತ ಜಾಗ ಒಂದೇ, ಜಿಇಡಿ ಡಾಟ್ ಕಾಮ್. ಅಲ್ಲಿ ಖಾತೆ ತೆರೆಯುವುದಕ್ಕೆ ದುಡ್ಡಿಲ್ಲ. ಇಮೇಲ್, ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್ ಕೇಳುತ್ತದೆ. ಹುಟ್ಟಿದ ದಿನ ತುಂಬುವಾಗ ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಅನ್ನುವುದು ನೆನಪಿರಲಿ. ಜೂನ್ 5 ಹೋಗಿ ಮೇ 6 ಆದರೆ ಗುರುತಿನ ಚೀಟಿಗೆ ತಾಳೆಯಾಗುವುದಿಲ್ಲ. ವಿಳಾಸ ಯಾವ ರಾಜ್ಯದ್ದೋ ಆ ರಾಜ್ಯದ ನಿಯಮ, ಶುಲ್ಕ ಅನ್ವಯ. ಸೈಟ್ ಅದನ್ನು ತಾನೇ ತೋರಿಸುತ್ತದೆ.

ಮಧ್ಯದಲ್ಲಿ ‘ವಿಶೇಷ ಸೌಲಭ್ಯ ಬೇಕೇ’ ಎಂಬ ಪ್ರಶ್ನೆ ಬರುತ್ತದೆ. ದೃಷ್ಟಿದೋಷ, ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ದೈಹಿಕ ತೊಂದರೆ ಇರುವವರಿಗೆ ಹೆಚ್ಚು ಸಮಯ, ಬೇರೆ ಕೋಣೆ, ಹೆಚ್ಚುವರಿ ವಿರಾಮ ಸಿಗಲಿ ಎಂದು ಇರುವ ಪ್ರಶ್ನೆ ಅದು. ಬೇಕು ಎಂದು ಒತ್ತಿದರೆ ವೈದ್ಯರ ದಾಖಲೆ ಕೊಟ್ಟು ಅನುಮತಿ ಬರುವ ತನಕ ದಿನಾಂಕ ಗೊತ್ತುಮಾಡಲು ಬಿಡುವುದಿಲ್ಲ. ‘ಇಂಗ್ಲಿಷ್ ನನ್ನ ಮಾತೃಭಾಷೆ ಅಲ್ಲ, ಸ್ವಲ್ಪ ಹೆಚ್ಚು ಟೈಮ್ ಕೊಡಲಿ’ ಅಂತ ಅಲ್ಲಿ ಒತ್ತಬೇಡಿ. ಭಾಷೆ ಬರದಿರುವುದಕ್ಕೆ ಆ ಸೌಲಭ್ಯ ಇಲ್ಲ. ಸುಮ್ಮನೆ ಖಾತೆ ಸಿಕ್ಕಿಹಾಕಿಕೊಳ್ಳುತ್ತದೆ. ನಿಜವಾಗಿ ತೊಂದರೆ ಇರುವವರು ಮಾತ್ರ ಸಂಕೋಚಪಡದೆ ಮೊದಲೇ ಅರ್ಜಿ ಹಾಕಿ. ದಿನಾಂಕ ತೆಗೆದುಕೊಂಡ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮುಂದಿನದು ಸುಲಭ. ನಾಲ್ಕು ವಿಷಯ ಇವೆ: ಗಣಿತ, ಭಾಷೆ, ವಿಜ್ಞಾನ, ಸಮಾಜ. ನಾಲ್ಕನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಒಟ್ಟಿಗೆ ದುಡ್ಡು ಕಟ್ಟಬೇಕೆಂದೂ ಇಲ್ಲ. ಒಂದು ವಿಷಯ ಆರಿಸಿ, ಕೇಂದ್ರವೋ ಮನೆಯೋ ಹೇಳಿ, ದಿನ ಮತ್ತು ಹೊತ್ತು ಹಿಡಿದು, ಕಾರ್ಡಿನಲ್ಲಿ ಕಟ್ಟಿದರೆ ಆಯಿತು. ದಿನ ಬದಲಿಸುವುದಾದರೆ 24 ಗಂಟೆ ಮೊದಲೇ ಬದಲಿಸಿ. ಆಮೇಲೆ ಬದಲಿಸಲು ಹೋದರೆ, ಅಥವಾ ಹೋಗದೇ ಉಳಿದರೆ, ಶುಲ್ಕ ಹೋದಂತೆಯೇ.

ಗಿರ್ಮಿಟ್

ರೊಕ್ಕದ ಮಾತು ನಾ ಹೇಳ್ತೀನ್ರಿ. ಒಂದೊಂದು ರಾಜ್ಯಕ್ಕ ಒಂದೊಂದು ರೇಟ್ ಅದ. ಭಾಳ ಕಡೆ ಒಂದು ವಿಷಯಕ್ಕ 30ರಿಂದ 40 ಡಾಲರ್ ಆಸುಪಾಸು, ಮನ್ಯಾಗ ಕುಂತು ಬರದ್ರ ಅದಕ್ಕಿಂತ ಸ್ವಲ್ಪ ಜಾಸ್ತಿ. ನ್ಯೂಯಾರ್ಕ್ ರಾಜ್ಯದಾಗ ಅಲ್ಲಿ ವಾಸ ಇದ್ದವ್ರಿಗೆ ಪುಕ್ಕಟೆ. ಹಂಗಂತ ಪುಕ್ಕಟೆ ಇದ್ದ ರಾಜ್ಯದ ವಿಳಾಸ ಹಾಕಿ ಬರಿಯಾಕ ಹೋಗಬ್ಯಾಡ್ರಿ, ವಾಸದ ಪುರಾವೆ ಕೇಳ್ತಾರ.

ಪರೀಕ್ಷಾ ಒಂದ ಆದ್ರೂ ಸರ್ಟಿಫಿಕೇಟ್ ಕೊಡಾವ್ರು ರಾಜ್ಯದವ್ರು. ಟೆಕ್ಸಾಸ್‌ದಾಗ ಟೆಕ್ಸಾಸ್ ಎಜುಕೇಷನ್ ಏಜೆನ್ಸಿ ಕೊಡ್ತದ. ಇಲಿನಾಯ್‌ದಾಗ ನಾಕೂ ಪಾಸ್ ಆದ್ರೂ ಸಂವಿಧಾನದ ಒಂದು ಪರೀಕ್ಷಾ ಬ್ಯಾರೆ ಬರದ್ರ ಮಾತ್ರ ಸರ್ಟಿಫಿಕೇಟ್. ವಿಸ್ಕಾನ್ಸಿನ್‌ದಾಗ ಸಿವಿಕ್ಸ್, ಅಂದ್ರ ಪೌರನೀತಿ, ಅಂತ ಇನ್ನೊಂದು ಅದ. ಹಿಂಗ ನಿಮ್ಮ ರಾಜ್ಯದ ಬಾಲ ಏನದ ಅನ್ನೂದು ಮೊದಲ ನೋಡಿಕೊಂಡಿರ್ರಿ.

ವಯಸ್ಸು 18 ಆದವ್ರಿಗೆ ಯಾವ ತಕರಾರಿಲ್ಲ. 16, 17ರ ಹುಡುಗ್ರಿಗೆ ಮಾತ್ರ ಪಾಲಕರ ಒಪ್ಪಿಗೆ, ಶಾಲಿ ಬಿಟ್ಟ ಕಾಗದ ಅಂತ ಸಾವಿರ ಕೇಳ್ತಾರ.

ಕೆರೆದಂಡೆ

ಈಗ ಹೆಸರಿನ ವಿಷಯ. ತುಂಗಾತೀರ ಅವರೇ, ನೀವು ಕೊನೆಗೆ ಕೇಳಿದ್ದು ನಿಜಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ. ಪರೀಕ್ಷೆಯ ದಿನ ಬಾಗಿಲಲ್ಲಿ ನೋಡುವುದು ಒಂದೇ: ಖಾತೆಯಲ್ಲಿರುವ ಹೆಸರು, ಹುಟ್ಟಿದ ದಿನ ಎರಡೂ ಕೈಯಲ್ಲಿರುವ ಗುರುತಿನ ಚೀಟಿಗೆ ಹೊಂದುತ್ತವೆಯೇ ಎಂದು. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಶುಲ್ಕವೂ ವಾಪಸ್ಸಿಲ್ಲ.

ಕರ್ನಾಟಕದ ಹೆಸರುಗಳು ಅಮೆರಿಕದ ಅರ್ಜಿಯ ಎರಡು ಚೌಕಗಳಿಗೆ ಹೊಂದುವುದೇ ಇಲ್ಲ. ಸಾಮಾನ್ಯವಾಗಿ ನಾಲ್ಕು ಥರದ ಗೊಂದಲ ಬರುತ್ತದೆ.

ಒಂದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಗ ವೀಸಾದಲ್ಲಿ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ. ಮೊದಲ ಹೆಸರು ತಿಳಿಯದು ಎಂಬುದರ ಚುಟುಕು ಅದು. ಮುಂದೆ ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್‌ಗೂ ಅದೇ ಅಂಟಿಕೊಂಡು ಬರುವುದುಂಟು.

ಎರಡು, ಊರಿನ ದಾಖಲೆಗಳಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿದ ರೂಪ. ಅಂಕಪಟ್ಟಿಯಲ್ಲಿ ‘ಸವಿತಾ ಕೆ.ಆರ್.’ ಇದ್ದವರು ಪಾಸ್‌ಪೋರ್ಟಿನಲ್ಲಿ ‘ಸವಿತಾ ಕೊಪ್ಪಲು ರಾಮಪ್ಪ’ ಆಗಿರುತ್ತಾರೆ.

ಮೂರು, ತಂದೆಯ ಹೆಸರೋ ಗಂಡನ ಹೆಸರೋ ಸರ್‌ನೇಮ್ ಆಗಿ ಕೂತದ್ದು. ಮದುವೆಗೆ ಮುಂಚಿನ ಕಾಗದದಲ್ಲಿ ಒಂದು, ನಂತರದ್ದರಲ್ಲಿ ಇನ್ನೊಂದು.

ನಾಲ್ಕು, ಕಾಗುಣಿತ. ಲಕ್ಷ್ಮಿ, ಗೀತಾ, ಶ್ರೀನಿವಾಸ ಇಂಥ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮೂರ್ನಾಲ್ಕು ರೀತಿ ಬರೆಯುತ್ತೇವೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಬಾಗಿಲಲ್ಲಿ ಕೂತವರಿಗೆ ಅದು ಬೇರೆ ಮನುಷ್ಯ.

ಮಾಡಬೇಕಾದ್ದು ಇಷ್ಟೇ. ಪರೀಕ್ಷೆಗೆ ಯಾವ ಗುರುತಿನ ಚೀಟಿ ಒಯ್ಯುತ್ತೀರಿ ಎಂದು ಮೊದಲೇ ನಿರ್ಧರಿಸಿ. ಅದನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೇ ಅಕ್ಷರಕ್ಕೆ ಅಕ್ಷರ ಖಾತೆಯಲ್ಲಿ ತುಂಬಿ. ಲೈಸೆನ್ಸಿನಲ್ಲಿ ಎಫ್‌ಎನ್‌ಯು ಇದ್ದು ಅದನ್ನೇ ಒಯ್ಯುವುದಾದರೆ ಖಾತೆಯಲ್ಲೂ ಎಫ್‌ಎನ್‌ಯು ಹಾಕಿ, ನಾಚಿಕೆ ಬೇಡ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಚೀಟಿ ಸರ್ಕಾರ ಕೊಟ್ಟದ್ದು, ಅವಧಿ ಮುಗಿಯದ್ದು, ಫೋಟೊ ಮತ್ತು ಸಹಿ ಇರುವಂಥದ್ದು ಆಗಿರಬೇಕು. ಆಧಾರ್, ಪ್ಯಾನ್ ನೆಚ್ಚಿಕೊಂಡು ಹೋಗಬೇಡಿ. ಮೂಲ ಚೀಟಿಯೇ ಬೇಕು, ಜೆರಾಕ್ಸ್ ಆಗಲಿ ಫೋನಿನಲ್ಲಿರುವ ಫೋಟೊ ಆಗಲಿ ನಡೆಯುವುದಿಲ್ಲ.

ತಪ್ಪಾಗಿ ತುಂಬಿದ್ದರೆ ಎರಡನೇ ಖಾತೆ ತೆರೆಯಬೇಡಿ. ಎರಡು ಖಾತೆಯಾದರೆ ಅಂಕಗಳು ಹಂಚಿಹೋಗಿ ಸರ್ಟಿಫಿಕೇಟ್ ನಿಲ್ಲುತ್ತದೆ. ಸಹಾಯವಾಣಿಗೆ ಬರೆದು ಇದ್ದ ಖಾತೆಯನ್ನೇ ಸರಿ ಮಾಡಿಸಿ, ಅದೂ ಮೊದಲ ಪರೀಕ್ಷೆಗೆ ಮುಂಚೆ.

ತುಂಗಾತೀರ

ಅವಳ ಲೈಸೆನ್ಸಿನಲ್ಲಿ ಎಫ್‌ಎನ್‌ಯು ಇದೆ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಯಾವುದು ಒಯ್ಯಲಿ?

ಕೆರೆದಂಡೆ

ಲೈಸೆನ್ಸ್. ಎರಡೂ ಚೌಕ ತುಂಬಿರುವ ಚೀಟಿ ಯಾವಾಗಲೂ ಒಳ್ಳೆಯದು. ಮುಂದೆ ಕಾಲೇಜು, ಫಾರ್ಮಸಿ ಮಂಡಳಿ ಕೇಳುವುದೂ ಅದನ್ನೇ. ನಾಗರಿಕತ್ವ ಪಡೆಯುವ ಹೊತ್ತಿಗೆ ಹೆಸರು ಬದಲಿಸಿಕೊಳ್ಳಲು ಅವಕಾಶ ಇದೆ. ಸರ್ಟಿಫಿಕೇಟಿನಲ್ಲಿ ಎಫ್‌ಎನ್‌ಯು ಇರುವುದು ಬೇಡ ಅನ್ನಿಸಿದರೆ, ಕೋರ್ಟಿನ ಮೂಲಕ ಹೆಸರು ಸರಿಮಾಡಿಸಿ, ಲೈಸೆನ್ಸ್ ಬದಲಿಸಿ, ಆಮೇಲೆ ಖಾತೆ ತೆರೆಯಬೇಕು. ಕೋರ್ಸಿಗೆ ಅವಸರ ಇದ್ದರೆ ಅದಕ್ಕೆ ಕಾಯುವುದು ದಂಡ.

ಪಡುವಣಗಾಳಿ

ವೀಸಾ ವಿಷಯ ಯಾರೂ ಎತ್ತಲಿಲ್ಲ, ಒಂದು ಮಾತು ಹಾಕಿಬಿಡ್ತೇನೆ ಮಾರಾಯ್ರೆ. ಗ್ರೀನ್ ಕಾರ್ಡ್ ಇದ್ದವರಿಗೆ ಚಿಂತೆ ಇಲ್ಲ. ಎಚ್‌-4, ಅಂದರೆ ಕೆಲಸದ ವೀಸಾದವರ ಅವಲಂಬಿತರ ವೀಸಾದಲ್ಲಿ, ಇದ್ದವರು ಓದಬಹುದು, ಪರೀಕ್ಷೆಯನ್ನೂ ಬರೆಯಬಹುದು. ಬಿ-2 ಸಂದರ್ಶಕ ವೀಸಾದಲ್ಲಿ ಬಂದವರು ಕೋರ್ಸಿಗೆ ಸೇರುವ ಹಾಗಿಲ್ಲ. ಬಾಣಂತನಕ್ಕೆ ಬಂದ ಅತ್ತಿಗೆ ಸುಮ್ಮನೆ ಕೂತಿದ್ದಾಳೆ, ಕ್ಲಾಸಿಗೆ ಹಾಕೋಣ ಅಂತ ಹೊರಡಬೇಡಿ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವರು ಸರ್ಕಾರಿ ದುಡ್ಡಿನ ವಯಸ್ಕರ ಶಿಕ್ಷಣದ ತರಗತಿಗೆ ಹೋಗುವಂತಿಲ್ಲ, ಅದಕ್ಕೆ ಕಾನೂನೇ ಅಡ್ಡ ಇದೆ.

ಜಿಇಡಿ ಆದ ಕೂಡಲೇ ಫೆಡರಲ್ ಧನಸಹಾಯ ಸಿಕ್ಕಿಬಿಡುತ್ತದೆ ಅಂತಲೂ ಅಲ್ಲ. ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ, ಇನ್ನು ಕೆಲವು ನಿರ್ದಿಷ್ಟ ವರ್ಗದವರಿಗೆ ಸಿಗುತ್ತದೆ. ಎಚ್‌-4 ಅದರಲ್ಲಿ ಇಲ್ಲ.

ಬೆಣ್ಣೆದೋಸೆ

ಮನೆಯಿಂದಲೇ ಬರೆಯುವುದು ಒಳ್ಳೆಯದಲ್ವಾ? ಡ್ರೈವಿಂಗ್ ಬರದವರಿಗೆ ಕೇಂದ್ರಕ್ಕೆ ಹೋಗುವುದೇ ಒಂದು ಕೆಲಸ.

ಮಲ್ಲಿಗೆಹಂಬು

ನೇರವಾಗಿ ಹೇಳುತ್ತೇನೆ, ನಮ್ಮ ಮನೆಗಳಿಗೆ ಅದು ಸರಿಹೋಗುವುದಿಲ್ಲ. ಮನೆಯಿಂದ ಬರೆಯುವ ವ್ಯವಸ್ಥೆ ಬಂದದ್ದು 2020ರಲ್ಲಿ, ಕೋವಿಡ್ ಹೊತ್ತಿಗೆ. ಎಲ್ಲ ರಾಜ್ಯಗಳೂ ಅದನ್ನು ಒಪ್ಪಿಲ್ಲ. ಒಪ್ಪಿದ ಕಡೆಯೂ ಸೀದಾ ದಿನಾಂಕ ಕೊಡುವುದಿಲ್ಲ. ಮೊದಲು ‘ಜಿಇಡಿ ರೆಡಿ’ ಎಂಬ ಅಭ್ಯಾಸ ಪರೀಕ್ಷೆಯನ್ನು ದುಡ್ಡು ಕೊಟ್ಟು ಬರೆದು, ಅದರಲ್ಲಿ ಹಸಿರು ಬಣ್ಣ, ಅಂದರೆ 145 ಅಥವಾ ಹೆಚ್ಚು ಅಂಕ, ಬಂದಿರಬೇಕು. ಅದೂ ಕಳೆದ 60 ದಿನದೊಳಗೆ. ಒಂದೊಂದು ವಿಷಯಕ್ಕೂ ಬೇರೆ ಬೇರೆ.

ಪರೀಕ್ಷೆಯ ಹೊತ್ತಿಗೆ ಬಾಗಿಲು ಹಾಕಿದ ಕೋಣೆ, ಖಾಲಿ ಮೇಜು, ಕ್ಯಾಮೆರಾ, ಮೈಕ್ ಬೇಕು. ಇನ್ನೊಬ್ಬರು ಒಳಗೆ ಕಾಲಿಟ್ಟರೆ ಪರೀಕ್ಷೆ ರದ್ದು. ಮಗು ‘ಅಮ್ಮಾ’ ಅಂತ ಬಾಗಿಲು ತಳ್ಳಿದರೂ ಅಷ್ಟೇ. ಪ್ರಶ್ನೆಯನ್ನು ತುಟಿ ಅಲ್ಲಾಡಿಸಿಕೊಂಡು ಓದುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅದನ್ನು ಯಾರಿಗೋ ಪ್ರಶ್ನೆ ಹೇಳುತ್ತಿದ್ದಾರೆ ಎಂದು ಅನುಮಾನಿಸುತ್ತಾರೆ. ಲೆಕ್ಕ ಮಾಡಲು ಹಾಳೆ, ಪೆನ್ಸಿಲ್ ಕೊಡುವುದಿಲ್ಲ. ಕೇಂದ್ರದಲ್ಲಿ ಅಳಿಸಿ ಬರೆಯುವ ಹಲಗೆಯಾದರೂ ಕೈಗೆ ಸಿಗುತ್ತದೆ. ಗಣಿತಕ್ಕೆ ಅದೊಂದೇ ಸಾಕು ಕೇಂದ್ರ ಆರಿಸಲು.

ಗಿರ್ಮಿಟ್

ಅಷ್ಟೂ ಹೆದರಿಸಬ್ಯಾಡ್ರಿ ಅಕ್ಕಾರ. ಸಮಾಜ 70 ನಿಮಿಷದ್ದು, ಬರೀ ಓದಿ ಆರಿಸೂದು. ಮಕ್ಕಳು ಸಾಲಿಗೆ ಹೋದ ಹೊತ್ತಿನಾಗ ಮನ್ಯಾಗ ಬರದು ಮುಗಿಸಬಹುದು. ಗಣಿತ, ಭಾಷಾ ಕೇಂದ್ರಕ್ಕ ಹೋಗಿ ಬರೀರಿ. ಎರಡೂ ಕೂಡಿಸಾಕ ಬರ್ತದ.

ಕೇಂದ್ರಕ್ಕ ಹೋಗಾವ್ರು ಅರ್ಧ ತಾಸು ಮುಂಚೆ ಹೋಗ್ರಿ. ತಡಾ ಆದ್ರ ಒಳಗ ಬಿಡೂದಿಲ್ಲ, ರೊಕ್ಕನೂ ಹೋಗ್ತದ.

ಮಲ್ಲಿಗೆಹಂಬು

ಸಮಾಜಕ್ಕೆ ಒಪ್ಪಿದೆ.

ಚಿತ್ರಾನ್ನ

ಪಾಸಾಗುವ ಲೆಕ್ಕ. ಪ್ರತಿ ವಿಷಯಕ್ಕೂ ಅಂಕ 100ರಿಂದ 200ರ ನಡುವೆ ಬರುತ್ತದೆ. ಪಾಸ್ ಅಂಕ 145. 2016ಕ್ಕೆ ಮುಂಚೆ ಅದು 150 ಇತ್ತು, ಹಳೆಯ ಪುಸ್ತಕ ಓದಿ ಗಾಬರಿಯಾಗಬೇಡಿ. 165 ದಾಟಿದರೆ ಕಾಲೇಜಿಗೆ ಸಿದ್ಧ ಎಂಬ ಗುರುತು, 175 ದಾಟಿದರೆ ಕೆಲವು ಕಾಲೇಜುಗಳು ಓದಿನ ಲೆಕ್ಕಕ್ಕೆ ಸೇರುವ ಕ್ರೆಡಿಟ್ಟನ್ನೂ ಕೊಡುತ್ತವೆ. ಇವು ಶೇಕಡಾವಾರು ಅಲ್ಲ. 145 ಅಂದರೆ 200ಕ್ಕೆ 145 ಪ್ರಶ್ನೆ ಸರಿ ಎಂದು ತಿಳಿಯಬೇಡಿ, ಪ್ರಶ್ನೆಗಳ ಕಷ್ಟಕ್ಕೆ ತಕ್ಕಂತೆ ಹೊಂದಿಸಿದ ಅಳತೆ ಅದು.

ಸರಾಸರಿ ನಡೆಯುವುದಿಲ್ಲ. ಗಣಿತದಲ್ಲಿ 170 ಬಂದು ಭಾಷೆಯಲ್ಲಿ 143 ಬಂದರೆ ಭಾಷೆ ಹೋಯಿತು. ಆದರೆ ಆ ಒಂದನ್ನು ಮಾತ್ರ ಮತ್ತೆ ಬರೆದರೆ ಸಾಕು, ಪಾಸಾದವು ಪಾಸೇ. ಹಾಗಂತ ವರ್ಷಗಟ್ಟಲೆ ಎಳೆಯುವುದೂ ಸರಿಯಲ್ಲ. 2013ರ ಕೊನೆಗೆ ಹಳೆಯ ಮಾದರಿ ನಿಂತು 2014ರ ಜನವರಿಯಿಂದ ಕಂಪ್ಯೂಟರಿನ ಹೊಸ ಮಾದರಿ ಬಂದಾಗ, ಅರ್ಧ ಮುಗಿಸಿದ್ದವರ ಅಂಕಗಳೆಲ್ಲ ಹೋಗಿ ಮೊದಲಿನಿಂದ ಬರೆಯಬೇಕಾಯಿತು.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಫೇಲಾದರೆ: ಕೇಂದ್ರದಲ್ಲಿ ಮೊದಲ ಮೂರು ಸಲಕ್ಕೆ ಕಾಯಬೇಕಿಲ್ಲ, ಆಮೇಲೆ ಪ್ರತಿ ಸಲ 60 ದಿನ ಕಾಯಬೇಕು. ಮನೆಯಿಂದಾದರೆ ಎರಡು ಸಲ ಆದ ಮೇಲೆಯೇ ಆ 60 ದಿನ ಶುರು.

ತುಂಗಾತೀರ

ನಾಲ್ಕರಲ್ಲಿ ನಮ್ಮವರಿಗೆ ಕಷ್ಟ ಯಾವುದು? ಗಣಿತ ಅಂತ ಹೆದರಿದ್ದಾಳೆ.

ಚಿತ್ರಾನ್ನ

ಎಸ್‌ಎಸ್‌ಎಲ್‌ಸಿ ಗಣಿತ ಒಮ್ಮೆ ದಾಟಿದವರಿಗೆ ಇಲ್ಲಿ ಗಣಿತ ದೊಡ್ಡ ಬೆಟ್ಟವೇನಲ್ಲ. ಅವಧಿ 115 ನಿಮಿಷ. ಸುಮಾರು ಶೇ 45 ಅಂಕಗಣಿತ ಮತ್ತು ರೇಖಾಗಣಿತದ ಅಳತೆಗಳು, ಶೇ 55 ಬೀಜಗಣಿತ. ತ್ರಿಕೋನಮಿತಿ ಇಲ್ಲ, ಪ್ರಮೇಯ ಸಾಧಿಸುವುದು ಇಲ್ಲ. ಸೂತ್ರಗಳ ಹಾಳೆಯನ್ನು ಅವರೇ ಪರದೆಯ ಮೇಲೆ ಕೊಡುತ್ತಾರೆ. ಮೊದಲ ಐದು ಪ್ರಶ್ನೆ ಕ್ಯಾಲ್ಕುಲೇಟರ್ ಇಲ್ಲದೆ, ಆಮೇಲೆ ಟಿಐ-30ಎಕ್ಸ್‌ಎಸ್ ಮಲ್ಟಿವ್ಯೂ ಎಂಬ ಕ್ಯಾಲ್ಕುಲೇಟರ್ ತೆರೆದುಕೊಳ್ಳುತ್ತದೆ.

ಎಡವುವುದು ಬೇರೆ ಕಡೆ. ಆ ಕ್ಯಾಲ್ಕುಲೇಟರನ್ನು ಎಂದೂ ಮುಟ್ಟದೆ ಹೋಗುತ್ತಾರೆ. ಭಿನ್ನರಾಶಿ ಹಾಕುವುದು, ಉತ್ತರವನ್ನು ದಶಮಾಂಶಕ್ಕೆ ತಿರುಗಿಸುವುದು, ಋಣ ಚಿಹ್ನೆಗೂ ಕಳೆಯುವ ಚಿಹ್ನೆಗೂ ಬೇರೆ ಗುಂಡಿ ಇರುವುದು, ಇವನ್ನು ಪರೀಕ್ಷೆಯ ದಿನ ಕಲಿಯಲು ಆಗುವುದಿಲ್ಲ. ಎರಡನೆಯದು ಅಳತೆ: ಅಡಿ, ಅಂಗುಲ, ಮೈಲಿ, ಪೌಂಡ್, ಔನ್ಸ್, ಗ್ಯಾಲನ್. ಅಡಿಗೆ 12 ಅಂಗುಲ, ಗಜಕ್ಕೆ 3 ಅಡಿ, ಪೌಂಡಿಗೆ 16 ಔನ್ಸ್, ಗ್ಯಾಲನ್ನಿಗೆ 4 ಕ್ವಾರ್ಟ್ ಬಾಯಿಪಾಠ ಇರಲಿ. ಮೂರನೆಯದು ದೊಡ್ಡ ಸಂಖ್ಯೆ. ನಾವು ಲಕ್ಷಕ್ಕೆ ಅಲ್ಪವಿರಾಮ ಹಾಕುವ ಕಡೆ ಅವರು ಹಾಕುವುದಿಲ್ಲ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಬಜೆಟ್ ಪಟ್ಟಿ ಓದುವ ಪ್ರಶ್ನೆಯಲ್ಲಿ ಇದು ಕೈ ಕೊಡುತ್ತದೆ.

ಮಲ್ಲಿಗೆಹಂಬು

ಕಷ್ಟ ಇರುವುದು ಭಾಷೆಯಲ್ಲಿ. ಪರೀಕ್ಷೆ ಇರುವುದು ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ, ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಭಾಷೆಯ ಪತ್ರಿಕೆ 150 ನಿಮಿಷ, ಮಧ್ಯೆ 10 ನಿಮಿಷದ ವಿರಾಮ ಸೇರಿ. ಓದಲು ಕೊಡುವ ಭಾಗಗಳು 400ರಿಂದ 900 ಪದದವು. ಅವುಗಳಲ್ಲಿ ಮುಕ್ಕಾಲು ಪಾಲು ಮಾಹಿತಿ ಬರಹ: ಕಚೇರಿಯ ಪತ್ರ, ಭಾಷಣ, ಪತ್ರಿಕಾ ಲೇಖನದಂಥವು. ಕತೆ ಕಾಲು ಪಾಲು ಮಾತ್ರ. ಹಾಗಾಗಿ ಕತೆ ಪುಸ್ತಕ ಓದಿ ತಯಾರಾಗುವುದಕ್ಕಿಂತ ಪತ್ರಿಕೆಯ ಅಭಿಪ್ರಾಯ ಪುಟ ಓದುವುದು ಮೇಲು.

ಅದರೊಳಗೆ 45 ನಿಮಿಷದ ಒಂದು ಪ್ರಬಂಧ ಇದೆ. ನಮ್ಮ ಶಾಲೆಗಳಲ್ಲಿ ಕಲಿತವರು ಜಾರುವುದು ಇಲ್ಲಿ. ಒಂದೇ ವಿಷಯದ ಮೇಲೆ ಪರಸ್ಪರ ವಿರುದ್ಧವಾದ ಎರಡು ವಾದಗಳನ್ನು ಕೊಡುತ್ತಾರೆ. ಯಾವ ವಾದಕ್ಕೆ ಆಧಾರ ಗಟ್ಟಿಯಾಗಿದೆ ಎಂದು ಬರೆಯಬೇಕು. ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ. ನಾವು ಮಾಡುವುದೇನು? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಕಟ್ಟಿ, ಗಾದೆ ಹಾಕಿ, ಎರಡೂ ಕಡೆ ಒಳ್ಳೆಯದಿದೆ ಎಂದು ಮುಗಿಸುತ್ತೇವೆ. ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಅಂಕ ಬರುವುದಿಲ್ಲ.

ಅಂಕ ಮೂರು ಕಡೆ, ತಲಾ 0ಯಿಂದ 2: ವಾದ ಮತ್ತು ಆಧಾರ, ಜೋಡಣೆ, ಭಾಷೆಯ ಶುದ್ಧಿ. ಕೊಟ್ಟ ಭಾಗಗಳಿಂದ ಮಾತುಗಳನ್ನು ಎತ್ತಿ ‘ಮೊದಲ ಲೇಖಕರು ಈ ಅಂಕಿ ಕೊಟ್ಟಿದ್ದಾರೆ, ಎರಡನೆಯವರು ಬರೀ ಭಯ ಹುಟ್ಟಿಸಿದ್ದಾರೆ’ ಎಂಬ ಥರ ತೂಗಬೇಕು. ನೀವು ಒಪ್ಪದ ಪಕ್ಷದ ವಾದವೇ ಗಟ್ಟಿಯಾಗಿದ್ದರೆ ಅದನ್ನೇ ಹಿಡಿಯಿರಿ. ಓದಿ ಗುರುತು ಹಾಕಲು 10 ನಿಮಿಷ, ಅಂದಾಜು ಪಟ್ಟಿಗೆ 5, ಬರೆಯಲು 25, ತಿದ್ದಲು 5 ಎಂದು ಹಂಚಿಕೊಳ್ಳಿ. ನಾಲ್ಕರಿಂದ ಏಳು ಪ್ಯಾರಾ, 300ರಿಂದ 500 ಪದ ಸಾಕು. ಟೈಪಿಂಗ್ ನಿಧಾನ ಇದ್ದರೆ ಅದೇ ಮೊದಲ ಪಾಠ ಆಗಲಿ. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವವರಿಗೆ 25 ನಿಮಿಷದಲ್ಲಿ 300 ಪದ ಆಗುವುದಿಲ್ಲ.

ಪಡುವಣಗಾಳಿ

ವಿಜ್ಞಾನ 90 ನಿಮಿಷ. ಜೀವವಿಜ್ಞಾನ ಶೇ 40, ಭೌತ ಮತ್ತು ರಸಾಯನ ಶೇ 40, ಭೂಮಿ ಮತ್ತು ಬಾಹ್ಯಾಕಾಶ ಶೇ 20. ಉರು ಹೊಡೆಯುವುದು ಕಡಿಮೆ, ಪಟ್ಟಿ, ನಕ್ಷೆ, ಪ್ರಯೋಗದ ವಿವರ ಓದಿ ಹೇಳುವುದೇ ಹೆಚ್ಚು.

ಸಮಾಜದಲ್ಲಿ ಅರ್ಧಕ್ಕರ್ಧ ಅಮೆರಿಕದ ಪೌರನೀತಿ ಮತ್ತು ಸರ್ಕಾರ. ಶೇ 20 ಅಮೆರಿಕದ ಇತಿಹಾಸ, ಉಳಿದದ್ದು ಅರ್ಥಶಾಸ್ತ್ರ, ಭೂಗೋಳ. ಸಂವಿಧಾನದ ತಿದ್ದುಪಡಿಗಳು, ಅಧಿಕಾರದ ಮೂರು ಅಂಗಗಳು, ಅಂತರ್ಯುದ್ಧ, ಕರಿಯರ ನಾಗರಿಕ ಹಕ್ಕುಗಳ ಹೋರಾಟ, ಇಷ್ಟು ಗೊತ್ತಿರಬೇಕು. ಇಲ್ಲದಿದ್ದರೆ ಇಂಗ್ಲಿಷ್ ಬಂದರೂ ಪ್ರಶ್ನೆ ತಲೆಗೆ ಹೋಗುವುದಿಲ್ಲ. ನಾಗರಿಕತ್ವದ ಸಂದರ್ಶನಕ್ಕೆ ಓದುವ ಪ್ರಶ್ನೆಗಳು ಇದಕ್ಕೆ ಒಳ್ಳೆಯ ಬುನಾದಿ, ಎರಡು ಕೆಲಸಕ್ಕೂ ಒದಗುತ್ತವೆ.

ಬೆಣ್ಣೆದೋಸೆ

ಯಾವುದನ್ನು ಮೊದಲು ಬರೆಯಬೇಕು? ಗಣಿತ ಮೊದಲು ಹೊಡೆದು ಧೈರ್ಯ ತಂದುಕೊಳ್ಳುವುದು ಒಳ್ಳೆಯದು ಅನ್ನಿಸುತ್ತೆ.

ಮಲ್ಲಿಗೆಹಂಬು

ಧೈರ್ಯಕ್ಕೆ ಗಣಿತ ಸರಿ. ಆದರೆ ಭಾಷೆಗೆ ಮಾಡಿದ ಓದು ವಿಜ್ಞಾನ, ಸಮಾಜ ಎರಡಕ್ಕೂ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಆ ಎರಡೂ ಒಳಗೊಳಗೇ ಓದುವ ಪರೀಕ್ಷೆಗಳೇ. ಗಣಿತ, ಭಾಷೆ, ಆಮೇಲೆ ಉಳಿದ ಎರಡು. ಭಾಷೆಯನ್ನು ಕೊನೆಗೆ ಇಟ್ಟುಕೊಂಡವರು ಅಲ್ಲೇ ನಿಂತುಬಿಡುತ್ತಾರೆ.

ಅಡಿಕೆತೋಟ

ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಇರುವವರಿಗೆ ‘ಹೈಸೆಟ್’ ಎಂಬ ಇನ್ನೊಂದು ಪರೀಕ್ಷೆಯೂ ಉಂಟು. ಅಲ್ಲಿ ಐದು ಪತ್ರಿಕೆ, ಓದು ಮತ್ತು ಬರಹ ಬೇರೆ ಬೇರೆ. ಪ್ರತಿಯೊಂದೂ 20ಕ್ಕೆ, ಪಾಸ್ 8. ಇಲ್ಲೊಂದು ಬಲೆ ಇದೆ. ಐದರಲ್ಲೂ 8 ಬಂದರೆ ಒಟ್ಟು 40 ಆಗುತ್ತದೆ, ಆದರೆ ಒಟ್ಟು 45 ಬೇಕು. ಎಲ್ಲದರಲ್ಲೂ ಪಾಸಾಗಿಯೂ ಫೇಲ್ ಆಗಬಹುದು. ಜೊತೆಗೆ ಪ್ರಬಂಧದಲ್ಲಿ 6ಕ್ಕೆ ಕನಿಷ್ಠ 2. ಒಂದು ಪರೀಕ್ಷೆಯಲ್ಲಿ ಎರಡು ವಿಷಯ, ಇನ್ನೊಂದರಲ್ಲಿ ಎರಡು ವಿಷಯ ಬರೆದು ಕೂಡಿಸಿಕೊಳ್ಳೋಣ ಅಂತ ಹೊರಡಬೇಡಿ. ಒಂದನ್ನು ಹಿಡಿದು ಮುಗಿಸಿ.

ಮೇರಿಲ್ಯಾಂಡ್ ಥರದ ಕೆಲವು ರಾಜ್ಯಗಳಲ್ಲಿ ಪರೀಕ್ಷೆ ಅಂದರೆ ಕೈಕಾಲು ನಡುಗುವವರಿಗೆ ನ್ಯಾಷನಲ್ ಎಕ್ಸ್‌ಟರ್ನಲ್ ಡಿಪ್ಲೊಮಾ ಪ್ರೋಗ್ರಾಂ ಇದೆ. ಗಡಿಯಾರದ ಪರೀಕ್ಷೆ ಇಲ್ಲ, ಕೊಟ್ಟ ಕೆಲಸಗಳನ್ನು ಒಂದೊಂದಾಗಿ ಮಾಡಿ ತೋರಿಸಬೇಕು. ಮಧ್ಯವಯಸ್ಸು ದಾಟಿದವರಿಗೆ ನಾನು ಅದನ್ನೇ ಮೊದಲು ನೋಡಿ ಅನ್ನುತ್ತೇನೆ.

ಗಿರ್ಮಿಟ್

ಪರೀಕ್ಷಾನ ಇಲ್ಲ, 200 ಡಾಲರ್ ಕೊಡ್ರಿ, ವಾರದಾಗ ಹೈಸ್ಕೂಲ್ ಡಿಪ್ಲೊಮಾ ಮನಿಗೆ ಬರ್ತದ ಅನ್ನೂ ಜಾಹೀರಾತು ಭಾಳ ಅದಾವ. ಅದು ಕಾಗದದ ಅಂಗಡಿ. ಕಾಲೇಜಿನವ್ರು ಹಿಡೀತಾರ.

ತುಂಗಾತೀರ

ಅವಳ ಇಂಗ್ಲಿಷ್ ಮಾತಿಗೆ ಪರವಾಗಿಲ್ಲ, ಓದು ನಿಧಾನ. ಕನ್ನಡ ಮೀಡಿಯಂ. ಕೋಚಿಂಗ್ ಎಲ್ಲಿ?

ಮಲ್ಲಿಗೆಹಂಬು

ದುಡ್ಡು ಕೊಟ್ಟು ಕೋಚಿಂಗ್ ಬೇಡ. ಫೆಡರಲ್ ಅನುದಾನದಲ್ಲಿ ನಡೆಯುವ ವಯಸ್ಕರ ಶಿಕ್ಷಣದ ಉಚಿತ ತರಗತಿಗಳು ಕಮ್ಯುನಿಟಿ ಕಾಲೇಜು, ಶಾಲಾ ಜಿಲ್ಲೆ, ಕೆಲವು ಕಡೆ ಗ್ರಂಥಾಲಯಗಳಲ್ಲೂ ಇರುತ್ತವೆ. ಸಂಜೆಯ ತರಗತಿಗಳೂ ಉಂಟು. ಸೇರುವಾಗ ಕಾಸಾಸ್ ಅಥವಾ ಟೇಬ್ ಎಂಬ ಮಟ್ಟ ನೋಡುವ ಪರೀಕ್ಷೆ ಕೊಡುತ್ತಾರೆ. ಅದರಲ್ಲಿ ಕಡಿಮೆ ಬಂದರೆ ಮೊದಲು ಇಎಸ್‌ಎಲ್, ಅಂದರೆ ಇಂಗ್ಲಿಷ್ ಕಲಿಯುವ ತರಗತಿಗೆ ಹಾಕುತ್ತಾರೆ. ಅವಮಾನ ಅಂದುಕೊಳ್ಳುವುದು ಬೇಡ, ಹಾಕಿದ ಕಡೆ ಕೂರಲಿ. ಓದುವ ವೇಗ ಬಾರದೆ ಜಿಇಡಿ ತರಗತಿಗೆ ಹೋದರೆ ಪಾಠ ಮುಂದೆ ಓಡುತ್ತದೆ, ಇವರು ಹಿಂದೆ ಉಳಿಯುತ್ತಾರೆ.

ತಯಾರಿ ಆಗಿದೆಯೇ ಎಂದು ತಿಳಿಯಲು ಅದೇ ಜಿಇಡಿ ರೆಡಿ. ನಿಜವಾದ ಪತ್ರಿಕೆಯ ಅರ್ಧದಷ್ಟು ಉದ್ದ. 134ಕ್ಕಿಂತ ಕೆಳಗೆ ಕೆಂಪು, 134ರಿಂದ 144 ಹಳದಿ, 145ರಿಂದ ಹಸಿರು. ಹಳದಿಯಲ್ಲಿ ಇದ್ದಾಗ ‘ಅದೃಷ್ಟ ನೋಡೋಣ’ ಅಂತ ದಿನಾಂಕ ಹಿಡಿಯುವವರೇ ಮರುಪರೀಕ್ಷೆಗೆ ದುಡ್ಡು ಕಟ್ಟುವುದು. ಕೇಂದ್ರಕ್ಕೆ ಹೋಗುವವರಿಗೆ ಇದು ಕಡ್ಡಾಯ ಅಲ್ಲ, ಆದರೂ ಗಣಿತ ಮತ್ತು ಭಾಷೆಗೆ ಬರೆದು ನೋಡುವುದು ಲೇಸು.

ಮಸ್ಕತ್‌ಮಂದಿ

ಗಲ್ಫ್‌ನಿಂದ ಓದುತ್ತಿರುವವರಿಗೆ: ಇದೆಲ್ಲ ಅಮೆರಿಕಕ್ಕೆ. ನಿಮಗೆ ಬೇಕಾದದ್ದು ಭಾರತದಲ್ಲಿ ನಡೆಯುವ 10ನೇ ಅಥವಾ 12ನೇ ತರಗತಿಯ ಸರ್ಟಿಫಿಕೇಟ್ ಆದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು ನೋಡಿ. ಗಲ್ಫ್ ದೇಶಗಳಲ್ಲಿ ಅದರ ಕೇಂದ್ರಗಳಿವೆ, ವಯಸ್ಸಿನ ಮೇಲ್ಮಿತಿ ಇಲ್ಲ.

ತುಂಗಾತೀರ

ಕೊನೆಯ ಪ್ರಶ್ನೆ. ಪಾಸಾದ ಮೇಲೆ ಕಾಲೇಜಿಗೆ ಏನು ಕೊಡಬೇಕು?

ಕೆರೆದಂಡೆ

ಅಂಕ ಸಾಮಾನ್ಯವಾಗಿ 24 ಗಂಟೆಯೊಳಗೆ ಖಾತೆಯಲ್ಲಿ ಕಾಣುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ಕಾಲೇಜಿಗೆ ನಡೆಯುವುದಿಲ್ಲ. ನಾಲ್ಕೂ ಮುಗಿದ ಮೇಲೆ ಖಾತೆಯಿಂದಲೇ ಅಧಿಕೃತ ಟ್ರಾನ್‌ಸ್ಕ್ರಿಪ್ಟ್, ಅಂದರೆ ಅಂಕಗಳ ದಾಖಲೆ, ಆರ್ಡರ್ ಮಾಡಿ, ಪಡೆಯುವವರ ಜಾಗದಲ್ಲಿ ಕಾಲೇಜಿನ ಪ್ರವೇಶ ವಿಭಾಗವನ್ನೇ ಹಾಕಿ. ನಿಮಗೆ ಬಂದ ಪ್ರತಿಯನ್ನು ನೀವು ಮುಂದೆ ಕಳಿಸಿದರೆ ಕೆಲವರು ಒಪ್ಪುವುದಿಲ್ಲ. ಕಾಲೇಜಿನ ಅರ್ಜಿಯಲ್ಲೂ ಆ ಎಫ್‌ಎನ್‌ಯು ಹೆಸರನ್ನೇ ಬರೆಯಲಿ. ಅಲ್ಲಿ ಬೇರೆ ಹೆಸರು, ಟ್ರಾನ್‌ಸ್ಕ್ರಿಪ್ಟಿನಲ್ಲಿ ಬೇರೆ ಹೆಸರು ಇದ್ದರೆ ಎರಡೂ ಒಬ್ಬರದೇ ಎಂದು ಯಾರೂ ಜೋಡಿಸುವುದಿಲ್ಲ, ಅರ್ಜಿ ‘ದಾಖಲೆ ಬಂದಿಲ್ಲ’ ಎಂದು ಕೂತಿರುತ್ತದೆ.